ಅಮ್ಮನ ಅರೆತಲೆನೋವು ನಿಂತಿತು: ಇದು ಅದೃಷ್ಟವೋ, ಆವಿಷ್ಕಾರವೋ?

ಪ್ರಶ್ನೆ: ನಾನು ಫಾರ್ಮಸಿ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮ ಅಮ್ಮನಿಗೆ 51 ವರ್ಷ. ಇಪ್ಪತ್ತು ವರ್ಷದಿಂದ ಅರೆತಲೆನೋವು. ತಿಂಗಳಿಗೆ ಐದಾರು ಸಲ ಬರುತ್ತಿತ್ತು. ಬಂದರೆ ಕತ್ತಲೆ ಕೋಣೆಯಲ್ಲಿ ಮಲಗಬೇಕು, ವಾಂತಿ ಬೇರೆ. ಐದು ತಿಂಗಳ ಹಿಂದೆ ಎದೆ ಡವಡವ ಹೊಡೆದುಕೊಳ್ಳುತ್ತೆ, ಕೈ ನಡುಗುತ್ತೆ ಅಂತ ಡಾಕ್ಟರ ಹತ್ತಿರ ಹೋದಾಗ ಪ್ರೊಪ್ರನೊಲಾಲ್ ಮಾತ್ರೆ ಬರೆದುಕೊಟ್ಟರು. ತಲೆನೋವಿನ ವಿಷಯ ಅವರು ಕೇಳಲಿಲ್ಲ, ಅಮ್ಮನೂ ಹೇಳಲಿಲ್ಲ. ಎರಡು ತಿಂಗಳಲ್ಲಿ ತಲೆನೋವು ಹೆಚ್ಚುಕಡಿಮೆ ನಿಂತೇ ಹೋಯಿತು. ಇದನ್ನು ಗಮನಿಸಿದ್ದು ನಾನು. ಡಾಕ್ಟರಿಗೆ ಹೇಳಿದರೆ "ಒಳ್ಳೇದೇ ಆಯ್ತಲ್ಲ, ಬಿಡಿ" ಅಂದರು. ಪೆನಿಸಿಲಿನ್ ಕೂಡ ಹೀಗೇ ಆಕಸ್ಮಿಕವಾಗಿ ಸಿಕ್ಕಿದ್ದಲ್ವಾ? ಖಾತ್ರಿ ಮಾಡಿಕೊಳ್ಳಲು ಒಂದು ವಾರ ಅಮ್ಮನ ಮಾತ್ರೆ ನಿಲ್ಲಿಸಿ ನೋಡೋಣ ಅಂದುಕೊಂಡಿದ್ದೇನೆ. ಚಿಕ್ಕಮ್ಮನಿಗೂ ಇದೇ ಥರ ತಲೆನೋವು ಇದೆ, ಅವರಿಗೂ ಕೊಟ್ಟು ನೋಡುವ ಆಸೆ. ಅವರಿಗೆ ಚಳಿಗಾಲದಲ್ಲಿ ಸ್ವಲ್ಪ ಉಬ್ಬಸ ಬರೋದು ಬಿಟ್ಟರೆ ಬೇರೆ ಕಾಯಿಲೆ ಇಲ್ಲ. ನಮ್ಮ ಮೇಷ್ಟ್ರೊಬ್ಬರು ವೈದ್ಯಕೀಯದ ಆವಿಷ್ಕಾರಗಳೆಲ್ಲ ಅದೃಷ್ಟ ಅನ್ನುತ್ತಾರೆ, ಇನ್ನೊಬ್ಬರು ಎಲ್ಲ ಸಿದ್ಧತೆ ಅನ್ನುತ್ತಾರೆ. ಯಾವುದು ನಿಜ? ನಾನು ನೋಡಿದ್ದನ್ನು ಯಾರಿಗೆ ಹೇಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಒಂದು ಮನೆಯದು, ಒಂದು ವಿಜ್ಞಾನದ್ದು. ಮನೆಯದಕ್ಕೆ ಅವಸರ ಜಾಸ್ತಿ. ಅದನ್ನು ಮೊದಲು ಮುಗಿಸೋಣ.

ಅಮ್ಮನ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಚಿಕ್ಕಮ್ಮನಿಗೆ ಒಂದೇ ಒಂದು ಮಾತ್ರೆಯನ್ನೂ ಕೊಡಬೇಡಿ.

ಕಾರಣ ಇಷ್ಟು. ಅಡ್ರಿನಲಿನ್ ಎಂಬ ಹಾರ್ಮೋನ್ ಹೃದಯದ ಮೇಲೆ ಕೆಲಸ ಮಾಡುವುದು ಬೀಟಾ ಗ್ರಾಹಕಗಳ ಮೂಲಕ, ಅಂದರೆ ಜೀವಕೋಶದ ಮೇಲೆ ಅದರ ಸಂಕೇತ ಹಿಡಿಯುವ ಬಾಗಿಲುಗಳ ಮೂಲಕ. ಪ್ರೊಪ್ರನೊಲಾಲ್ ಆ ಗ್ರಾಹಕಗಳನ್ನು ಮುಚ್ಚುತ್ತದೆ. ತಿಂಗಳುಗಟ್ಟಲೆ ಮುಚ್ಚಿಟ್ಟರೆ ದೇಹ ಸುಮ್ನೆ ಕೂರುವುದಿಲ್ಲ, ಇನ್ನಷ್ಟು ಗ್ರಾಹಕಗಳನ್ನು ಮಾಡಿಕೊಳ್ಳುತ್ತದೆ. ಹಾಗಿರುವಾಗ ಮಾತ್ರೆ ಥಟ್ಟನೆ ನಿಂತರೆ ಅಡ್ರಿನಲಿನ್‌ಗೆ ಹಳೆಯವೂ ಸಿಗುತ್ತವೆ, ಹೊಸವೂ ಸಿಗುತ್ತವೆ. ಎದೆಬಡಿತ ಏರುತ್ತದೆ, ರಕ್ತದೊತ್ತಡ ಏರುತ್ತದೆ. ಹೃದಯದ ರಕ್ತನಾಳ ಒಳಗೊಳಗೇ ಕಿರಿದಾಗಿದ್ದವರಿಗೆ ಎದೆನೋವು, ಕೆಲವೊಮ್ಮೆ ಹೃದಯಾಘಾತವೂ ಆಗಬಹುದು. ರಕ್ತನಾಳ ಕಿರಿದಾಗಿದೆ ಅನ್ನುವುದು 51ರ ವಯಸ್ಸಿನಲ್ಲಿ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಈ ಮಾತ್ರೆ ಬಿಡುವುದಿದ್ದರೆ ಡಾಕ್ಟರ ಸಲಹೆಯಂತೆ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬಿಡಬೇಕು. ಇನ್ನೊಂದು ಮಾತು. ಎದೆ ಡವಡವ, ಕೈ ನಡುಕ ಎರಡೂ ಇದ್ದವು ಅಂದಿದ್ದೀರಿ. ಥೈರಾಯ್ಡ್ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಥೈರಾಯ್ಡ್ ಜಾಸ್ತಿ ಇರುವವರಲ್ಲಿ ಈ ಮಾತ್ರೆಯನ್ನು ಹಠಾತ್ತಾಗಿ ನಿಲ್ಲಿಸುವುದು ಇನ್ನೂ ಅಪಾಯ.

ಚಿಕ್ಕಮ್ಮನ ವಿಷಯ ಇದಕ್ಕಿಂತ ಗಂಭೀರ. ಬೀಟಾ ಗ್ರಾಹಕಗಳು ಹೃದಯದಲ್ಲಿ ಮಾತ್ರ ಇರುವುದಿಲ್ಲ. ಶ್ವಾಸನಾಳಗಳನ್ನು ತೆರೆದಿಡುವುದೂ ಅವೇ. ಪ್ರೊಪ್ರನೊಲಾಲ್‌ಗೆ ಹೃದಯ, ಶ್ವಾಸಕೋಶ ಅನ್ನುವ ಭೇದವಿಲ್ಲ, ಎರಡೂ ಕಡೆ ಮುಚ್ಚುತ್ತದೆ. ಉಬ್ಬಸ ಇರುವವರಲ್ಲಿ ಇದರಿಂದ ಶ್ವಾಸನಾಳ ಬಿಗಿದುಕೊಂಡು ಆಸ್ತಮಾ ಕೆರಳಬಹುದು. ಆಗ ಓಡಿ ಹೋಗಿ ಇನ್ಹೇಲರ್ ತರುತ್ತೀರಿ. ಅದರಲ್ಲಿರುವ ಸಾಲ್ಬುಟಮಾಲ್ ಕೆಲಸ ಮಾಡುವುದೂ ಅದೇ ಗ್ರಾಹಕದ ಮೇಲೆ. ಬಾಗಿಲು ಮೊದಲೇ ಮುಚ್ಚಿರುತ್ತದೆ, ಇನ್ಹೇಲರ್ ಕೈಕೊಡುತ್ತದೆ. "ಅವರಿಗೆ ಗುಣ ಆಯ್ತು, ನನಗೂ ಆಗುತ್ತೆ" ಅಂತ ಮನೆಯೊಳಗೆ ಮಾತ್ರೆ ಹಂಚಿಕೊಂಡು ತೊಂದರೆ ಮಾಡಿಕೊಂಡು ಬರುವವರನ್ನು ನಾವು ವೈದ್ಯರು ನೋಡುತ್ತಲೇ ಇರುತ್ತೇವೆ. ಯಾರಿಗೂ ಕೆಟ್ಟ ಉದ್ದೇಶ ಇರುವುದಿಲ್ಲ.

ಇನ್ನು ನೀವು ಕಂಡದ್ದರ ವಿಷಯ. ನಿಮ್ಮ ಕಣ್ಣು ನಿಮಗೆ ಮೋಸ ಮಾಡಿದಂತೆ ಕಾಣುವುದಿಲ್ಲ. ಪ್ರೊಪ್ರನೊಲಾಲ್ ಮೈಗ್ರೇನ್ (ಅರೆತಲೆನೋವು) ಬರದಂತೆ ತಡೆಯುತ್ತದೆ. ವೈದ್ಯಕೀಯ ಪಠ್ಯಗಳಲ್ಲಿ ಇರುವ ವಿಷಯ ಇದು, ನಿಮ್ಮ ಪಾಠದಲ್ಲೂ ಮುಂದೆ ಬರುತ್ತದೆ. ಇಂಥ ತಡೆಮಾತ್ರೆಗಳ ಪೂರ್ತಿ ಫಲ ಕಾಣಲು ಕೆಲವು ವಾರ, ಒಮ್ಮೊಮ್ಮೆ ಎರಡು ತಿಂಗಳು ಬೇಕು. ನೀವು ಹೇಳಿದ ಲೆಕ್ಕವೂ ಅದಕ್ಕೆ ಹೊಂದುತ್ತದೆ. ಹೀಗಾಗಿ ನೀವು ನೋಡಿದ್ದು ಸರಿ, ಆದರೆ ಸುಮಾರು ಅರವತ್ತು ವರ್ಷ ತಡ. ಬೇಸರ ಬೇಡ. ಅದೃಷ್ಟವೋ ಸಿದ್ಧತೆಯೋ ಅನ್ನುವ ನಿಮ್ಮ ಪ್ರಶ್ನೆಗೆ ಬೇಕಾದ ಸಾಮಾನೆಲ್ಲ ಅಮ್ಮನ ಈ ಮಾತ್ರೆಯ ಚರಿತ್ರೆಯಲ್ಲೇ ಇದೆ.

ಪ್ರೊಪ್ರನೊಲಾಲ್ ಆಕಸ್ಮಿಕವಾಗಿ ಸಿಕ್ಕಿದ ಔಷಧಿಯಲ್ಲ. ಬೇಕು ಅಂತಲೇ ಯೋಚಿಸಿ ಮಾಡಿದ್ದು. ಹೃದಯಕ್ಕೆ ಆಮ್ಲಜನಕ ಸಾಲದೆ ಎದೆನೋವು ಬಂದರೆ ರಕ್ತದ ಹರಿವು ಹೆಚ್ಚಿಸಬೇಕು ಅಂತ ಎಲ್ಲರೂ ಹೊರಟಿದ್ದ ಕಾಲ ಅದು. ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿ ಉಲ್ಟಾ ಯೋಚಿಸಿದರು. ಹೃದಯದ ಬೇಡಿಕೆಯನ್ನೇ ಇಳಿಸಿದರೆ ಹೇಗೆ? ಅವರಿಗೆ ಆಧಾರವಾದದ್ದು 1948ರಲ್ಲಿ ರೇಮಂಡ್ ಆಲ್‌ಕ್ವಿಸ್ಟ್ ಬರೆದ ಒಂದು ಪ್ರಬಂಧ. ಅಡ್ರಿನಲಿನ್‌ಗೆ ಆಲ್ಫಾ, ಬೀಟಾ ಅಂತ ಎರಡು ಬಗೆಯ ಗ್ರಾಹಕಗಳಿವೆ ಅಂತ ಅದರಲ್ಲಿತ್ತು. ಅದನ್ನು ಮೊದಲು ಒಂದು ಪತ್ರಿಕೆ ವಾಪಸ್ ಕಳಿಸಿತ್ತು, ಪ್ರಕಟವಾದ ಮೇಲೂ ಹೆಚ್ಚಿನವರು ತಲೆಕೆಡಿಸಿಕೊಂಡಿರಲಿಲ್ಲ. ಬ್ಲ್ಯಾಕ್ 1958ರಲ್ಲಿ ಬ್ರಿಟನ್ನಿನ ಐಸಿಐ ಎಂಬ ರಾಸಾಯನಿಕ ಕಂಪನಿ ಸೇರಿ ಬೀಟಾ ಗ್ರಾಹಕ ಮುಚ್ಚುವ ರಾಸಾಯನಿಕ ಹುಡುಕಲು ಶುರುಮಾಡಿದರು. ಮೊದಲು ಸಿಕ್ಕ ಪ್ರೊನೆಥಲಾಲ್ ಇಲಿಗಳಲ್ಲಿ ಗಡ್ಡೆ ಬರಿಸಿತು. ಅದನ್ನು ಕೈಬಿಟ್ಟು ಮಾಡಿದ್ದೇ ಪ್ರೊಪ್ರನೊಲಾಲ್. 1960ರ ದಶಕದ ಮಧ್ಯದಲ್ಲಿ ಅದು ರೋಗಿಗಳ ಕೈಗೆ ಬಂತು. 1988ರಲ್ಲಿ ಬ್ಲ್ಯಾಕ್‌ಗೆ ನೊಬೆಲ್ ಬಂತು. ಇಲ್ಲಿಯವರೆಗೆ ಎರಡನೇ ಮೇಷ್ಟ್ರು ಹೇಳಿದ್ದೇ ಸರಿ.

ಅದೃಷ್ಟ ಬಂದದ್ದು ಆಮೇಲೆ. 1966ರಲ್ಲಿ ಎದೆನೋವಿನ ರೋಗಿಗಳಿಗೆ ಪ್ರೊಪ್ರನೊಲಾಲ್ ಕೊಟ್ಟು ನೋಡುತ್ತಿದ್ದ ವೈದ್ಯರಿಗೆ, ಅವರಲ್ಲಿ ಒಬ್ಬರ ಮೈಗ್ರೇನ್ ಕಡಿಮೆಯಾದದ್ದು ಗೊತ್ತಾಯಿತು. ಅವರು ಹುಡುಕುತ್ತಿದ್ದದ್ದು ಅದನ್ನಲ್ಲ. ಆದರೂ ಬರೆದಿಟ್ಟರು. ಬೇರೆಯವರು ಅದನ್ನು ಓದಿ, 1970ರ ದಶಕದಲ್ಲಿ ಹುಸಿಮಾತ್ರೆಯ (ನೋಡಲು ಹಾಗೇ ಇದ್ದು ಔಷಧಿ ಇಲ್ಲದ ಮಾತ್ರೆ) ಜೊತೆ ಹೋಲಿಸಿ ಪರೀಕ್ಷೆ ಮಾಡಿದರು. ಫಲ ನಿಜ ಅಂತ ಆಯಿತು.

ಇದೇ ಮಾತ್ರೆಗೆ ಇನ್ನೊಮ್ಮೆ ಅದೃಷ್ಟ ಒಲಿದದ್ದು ಫ್ರಾನ್ಸಿನ ಬೋರ್ಡೊದಲ್ಲಿ. ಕೆಲವು ಕೂಸುಗಳಿಗೆ ಹುಟ್ಟಿದ ಕೆಲವೇ ವಾರದಲ್ಲಿ ಮುಖದ ಮೇಲೆ ಕೆಂಪು ರಕ್ತನಾಳದ ಗಡ್ಡೆ ಬೆಳೆಯುತ್ತದೆ. ದೊಡ್ಡದಾದರೆ ಕಣ್ಣನ್ನೋ ಉಸಿರಿನ ದಾರಿಯನ್ನೋ ಮುಚ್ಚುತ್ತದೆ. ಆಗೆಲ್ಲ ಅದಕ್ಕೆ ಸ್ಟಿರಾಯ್ಡ್ ಕೊಡುತ್ತಿದ್ದರು. ಹಾಗೆ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದ ಒಂದು ಮಗುವಿನ ಹೃದಯದ ಗೋಡೆ ದಪ್ಪವಾಯಿತು. ಹೃದಯಕ್ಕೆ ಅಂತ ಪ್ರೊಪ್ರನೊಲಾಲ್ ಶುರುಮಾಡಿದರು. ಮಾರನೇ ದಿನ ನೋಡಿದರೆ ಗಟ್ಟಿ ಕೆಂಪಾಗಿದ್ದ ಗಡ್ಡೆ ನೇರಳೆ ಬಣ್ಣಕ್ಕೆ ತಿರುಗಿದೆ, ಮುಟ್ಟಿದರೆ ಮೆತ್ತಗಾಗಿದೆ. ಕ್ರಿಸ್ಟೀನ್ ಲಿಯೋಟೆ ಲಾಬ್ರೆಜ್ ಮತ್ತು ಅವರ ಜೊತೆಗಾರರು 2008ರಲ್ಲಿ 11 ಮಕ್ಕಳ ವಿವರವನ್ನು ಒಂದು ಪುಟ್ಟ ಪತ್ರವಾಗಿ ಪ್ರಕಟಿಸಿದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. 460 ಶಿಶುಗಳ ಮೇಲೆ ಹುಸಿಔಷಧಿಯ ಜೊತೆ ಹೋಲಿಸಿ ನಡೆಸಿದ ಪರೀಕ್ಷೆ 2015ರಲ್ಲಿ ಪ್ರಕಟವಾಯಿತು. ಇವತ್ತು ಆ ಗಡ್ಡೆಗೆ ಮೊದಲ ಔಷಧಿ ಇದೇ.

ಆ ಮಾರನೇ ದಿನದ ಬಗ್ಗೆ ಸ್ವಲ್ಪ ಯೋಚಿಸಿ. ಪ್ರೊಪ್ರನೊಲಾಲ್ ಬಂದು ನಲವತ್ತು ವರ್ಷ ಕಳೆದಿತ್ತು. ಹೃದಯದ ತೊಂದರೆಗೆ ಅದನ್ನು ಮಕ್ಕಳಿಗೂ ಕೊಡುತ್ತಿದ್ದರು. ಅಂಥ ಮಕ್ಕಳಲ್ಲಿ ಇನ್ನೂ ಯಾರಿಗಾದರೂ ಈ ಗಡ್ಡೆ ಇದ್ದು, ಬಣ್ಣ ಬದಲಾಗಿ, ಯಾರೂ ಗಮನಿಸದೇ ಹೋಗಿರಬಹುದು ಅಂತ ನನ್ನ ಊಹೆ. ಬೋರ್ಡೊದವರು ಚರ್ಮದ ವೈದ್ಯರು. ಆ ಗಡ್ಡೆ ಸಾಮಾನ್ಯವಾಗಿ ಎಷ್ಟು ನಿಧಾನ ಬದಲಾಗುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಪರಿಚಯ. ಒಂದೇ ದಿನದಲ್ಲಿ ಬದಲಾದದ್ದು ಅದಕ್ಕೇ ಅವರ ಕಣ್ಣಿಗೆ ಚುಚ್ಚಿತು.

ಸಿದ್ಧತೆ ಅಂದರೆ ನನ್ನ ಮಟ್ಟಿಗೆ ಇದೇ. ದೊಡ್ಡ ಸಿದ್ಧಾಂತ ತಲೆಯಲ್ಲಿ ಇಟ್ಟುಕೊಂಡಿರುವುದಲ್ಲ, ಮಾಮೂಲು ಯಾವುದು ಅಂತ ಚೆನ್ನಾಗಿ ಗೊತ್ತಿರುವುದು. ನಿಮ್ಮ ಪತ್ರವನ್ನೇ ತೆಗೆದುಕೊಳ್ಳಿ. ನಿಮಗೆ ದೊಡ್ಡದಾಗಿ ಕಂಡದ್ದು ಅಮ್ಮನ ತಲೆನೋವು. ನನಗೆ ಕಂಡದ್ದು ನೀವು ಹೋಗ್ತಾ ಹೋಗ್ತಾ ಬರೆದ 'ಸ್ವಲ್ಪ ಉಬ್ಬಸ'. ನಾನು ನಿಮಗಿಂತ ಜಾಣ ಅಂತಲ್ಲ, ಈ ಮಾತ್ರೆ ಬರೆಯುವ ಮುಂಚೆ ಪ್ರತಿ ಸಲ ಅದನ್ನು ಕೇಳಿ ಕೇಳಿ ಅಭ್ಯಾಸವಾಗಿದೆ ಅಷ್ಟೇ.

ಈಗ ಪೆನಿಸಿಲಿನ್. ಎಲ್ಲರೂ ಹೇಳುವ ಕಥೆ: ಅಲೆಕ್ಸಾಂಡರ್ ಫ್ಲೆಮಿಂಗ್ ರಜೆಗೆ ಹೋದರು, ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಗಳನ್ನು ಹಾಗೇ ಬಿಟ್ಟಿದ್ದರು, ವಾಪಸ್ ಬಂದರೆ ಒಂದರಲ್ಲಿ ಬೂಷ್ಟು ಬೆಳೆದಿತ್ತು, ಸುತ್ತ ಬ್ಯಾಕ್ಟೀರಿಯಾ ಸತ್ತಿದ್ದವು, ಪೆನಿಸಿಲಿನ್ ಸಿಕ್ಕಿತು. 1928ರ ಸೆಪ್ಟೆಂಬರ್, ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಹಿಂದಿನದು ಮುಂದಿನದು ಎರಡೂ ಬಿಟ್ಟುಹೋಗಿವೆ.

ಹಿಂದಿನದು ಹೀಗೆ. ಮೊದಲ ಮಹಾಯುದ್ಧದಲ್ಲಿ ಫ್ಲೆಮಿಂಗ್ ಫ್ರಾನ್ಸಿನಲ್ಲಿ ಸೈನಿಕರ ಕೊಳೆತ ಗಾಯ ನೋಡಿದ್ದರು. ಗಾಯಕ್ಕೆ ಸುರಿಯುತ್ತಿದ್ದ ಕ್ರಿಮಿನಾಶಕಗಳು ಕ್ರಿಮಿಗಿಂತ ಹೆಚ್ಚಾಗಿ ದೇಹದ ಬಿಳಿ ರಕ್ತಕಣಗಳನ್ನೇ ಕೊಲ್ಲುತ್ತವೆ ಅಂತ ತೋರಿಸಿದ್ದರು. ದೇಹಕ್ಕೆ ಹಾನಿ ಮಾಡದೆ ಕ್ರಿಮಿಯನ್ನು ಮಾತ್ರ ಕೊಲ್ಲುವುದು ಏನಾದರೂ ಇದೆಯಾ ಅನ್ನುವ ಪ್ರಶ್ನೆ ಅವರ ತಲೆಯಲ್ಲಿ ವರ್ಷಗಳಿಂದ ಇತ್ತು. 1921ರಲ್ಲಿ ಶೀತವಾಗಿದ್ದಾಗ ತಮ್ಮದೇ ಸಿಂಬಳವನ್ನು ತಟ್ಟೆಗೆ ಹಾಕಿ ನೋಡಿದರು. ಅದರ ಹತ್ತಿರದ ಬ್ಯಾಕ್ಟೀರಿಯಾ ಕರಗಿಹೋದವು. ಕಣ್ಣೀರು, ಸಿಂಬಳದಲ್ಲಿರುವ ಲೈಸೊಜೈಮ್ ಗೊತ್ತಾದದ್ದು ಹಾಗೆ. ಅಂದರೆ 1928ರಲ್ಲಿ ಅವರು ನೋಡಿದ ದೃಶ್ಯ ಅವರಿಗೆ ಹೊಸದಲ್ಲ. ಏಳು ವರ್ಷದ ಹಿಂದೆ ಅಂಥದ್ದೇ ನೋಡಿದ್ದರು. ಬೇರೆ ಯಾರಾದರೂ ಆಗಿದ್ದರೆ "ತಟ್ಟೆ ಕೆಟ್ಟುಹೋಯ್ತು" ಅಂತ ಬಿಸಾಡುತ್ತಿದ್ದರೇನೋ.

ಇದರಲ್ಲಿ ಅದೃಷ್ಟ ಇಲ್ಲ ಅಂತಲ್ಲ. ಜನ ಹೇಳುವುದಕ್ಕಿಂತ ಜಾಸ್ತಿಯೇ ಇತ್ತು. ಪೆನಿಸಿಲಿನ್ ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಪೂರ್ತಿ ಬೆಳೆದು ನಿಂತ ಗುಂಪನ್ನು ಕರಗಿಸುವುದಿಲ್ಲ. ಆ ತಟ್ಟೆಯಲ್ಲಿ ಬೂಷ್ಟು ಮೊದಲು ಬೆಳೆಯಬೇಕು, ಬ್ಯಾಕ್ಟೀರಿಯಾ ಆಮೇಲೆ. ಬೂಷ್ಟಿಗೆ ತಂಪು ಬೇಕು, ಬ್ಯಾಕ್ಟೀರಿಯಾಕ್ಕೆ ಸೆಕೆ ಬೇಕು. ಫ್ಲೆಮಿಂಗ್ ಜೊತೆ ಕೆಲಸ ಮಾಡಿದ್ದ ರೊನಾಲ್ಡ್ ಹೇರ್ ದಶಕಗಳ ನಂತರ ಲಂಡನ್ನಿನ ಹಳೆಯ ಹವಾಮಾನದ ದಾಖಲೆ ತೆಗೆದು ನೋಡಿದರು. ಆ ಬೇಸಿಗೆಯಲ್ಲಿ ಮೊದಲು ಕೆಲವು ದಿನ ತಂಪು, ಆಮೇಲೆ ಸೆಕೆ. ಸರಿಯಾದ ಕ್ರಮದಲ್ಲೇ ಬಂದಿತ್ತು.

ಮುಂದಿನ ಕಥೆ ಇನ್ನೂ ಮುಖ್ಯ, ಜನ ಅದನ್ನೇ ಮರೆಯುತ್ತಾರೆ. ಫ್ಲೆಮಿಂಗ್ 1929ರಲ್ಲಿ ಪ್ರಬಂಧ ಬರೆದರು. ಆದರೆ ಬೂಷ್ಟಿನ ರಸವನ್ನು ಶುದ್ಧ ಮಾಡಲು ಆಗಲಿಲ್ಲ, ಅದು ಬೇಗ ಹಾಳಾಗುತ್ತಿತ್ತು. ಸೋಂಕು ತಗುಲಿದ ಪ್ರಾಣಿಗೆ ಕೊಟ್ಟು ಬದುಕುತ್ತದಾ ಅಂತ ಅವರು ನೋಡಲೇ ಇಲ್ಲ. ಸುಮಾರು ಹತ್ತು ವರ್ಷ ಅದು ಹಾಗೇ ಬಿದ್ದಿತ್ತು. ಆಕ್ಸ್‌ಫರ್ಡಿನ ಅರ್ನ್ಸ್ಟ್ ಚೈನ್ ಹಳೆಯ ಪ್ರಬಂಧಗಳನ್ನು ಓದುವಾಗ ಇದು ಕಣ್ಣಿಗೆ ಬಿತ್ತು. ಹೋವರ್ಡ್ ಫ್ಲೋರಿ ತಂಡ ಕಟ್ಟಿದರು. ನಾರ್ಮನ್ ಹೀಟ್ಲಿ ಆಸ್ಪತ್ರೆಯ ಬೆಡ್‌ಪ್ಯಾನ್‌ಗಳಲ್ಲೆಲ್ಲ ಬೂಷ್ಟು ಬೆಳೆಸಿದರು. 1940ರ ಮೇ 25ರಂದು ಎಂಟು ಇಲಿಗಳಿಗೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಚುಚ್ಚಿದರು. ನಾಲ್ಕಕ್ಕೆ ಪೆನಿಸಿಲಿನ್ ಕೊಟ್ಟರು, ನಾಲ್ಕಕ್ಕೆ ಕೊಡಲಿಲ್ಲ. ಹೀಟ್ಲಿ ರಾತ್ರಿಯೆಲ್ಲ ಪಕ್ಕದಲ್ಲಿ ಕೂತು ನೋಡಿದರು. ಬೆಳಗಾಗುವ ಮುಂಚೆಯೇ ಔಷಧಿ ಸಿಗದ ನಾಲ್ಕೂ ಸತ್ತಿದ್ದವು.

ಇಲ್ಲೂ ಅದೃಷ್ಟದ ಕೈ ಇತ್ತು, ನೋಡಿ. ಇಲಿಯ ಬದಲು ಗಿನಿಪಿಗ್ ಬಳಸಿದ್ದರೆ ಪೆನಿಸಿಲಿನ್ನೇ ಅವುಗಳನ್ನು ಕೊಲ್ಲುತ್ತಿತ್ತು. ಅವುಗಳ ಕರುಳಿಗೆ ಅದು ಆಗಿಬರುವುದಿಲ್ಲ. "ವಿಷ" ಅಂತ ಪಕ್ಕಕ್ಕಿಟ್ಟಿರುತ್ತಿದ್ದರೋ ಏನೋ.

1941ರಲ್ಲಿ ಸೋಂಕು ಮೈಯೆಲ್ಲ ಹರಡಿ ಸಾಯುತ್ತಿದ್ದ ಒಬ್ಬ ಪೊಲೀಸರಿಗೆ ಕೊಟ್ಟರು. ಸುಧಾರಿಸಿಕೊಂಡರು. ಔಷಧಿ ಎಷ್ಟು ಕಡಿಮೆ ಇತ್ತು ಅಂದರೆ ಅವರ ಮೂತ್ರದಿಂದಲೇ ಪೆನಿಸಿಲಿನ್ ಬೇರ್ಪಡಿಸಿ ಮತ್ತೆ ಚುಚ್ಚುತ್ತಿದ್ದರು. ಅದೂ ಮುಗಿಯಿತು, ಅವರು ಉಳಿಯಲಿಲ್ಲ. 1945ರ ನೊಬೆಲ್ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೂ ಹಂಚಿ ಬಂತು. ಹೀಟ್ಲಿಗೆ ಬರಲಿಲ್ಲ. ಅದು ನನಗೆ ಈಗಲೂ ಅನ್ಯಾಯ ಅನ್ನಿಸುತ್ತದೆ. ಫ್ಲೆಮಿಂಗ್‌ಗೆ ಸಿಕ್ಕಿದ್ದು ಸುಳಿವು. ಅದನ್ನು ಔಷಧಿ ಮಾಡಿದ್ದು ಆಕ್ಸ್‌ಫರ್ಡ್. ಸುಳಿವು ಅದೃಷ್ಟದಿಂದ ಸಿಗಬಹುದು. ಅದನ್ನು ಸುಳ್ಳು ಮಾಡಲು ನೋಡಿ, ಸುಳ್ಳಾಗದೆ ಉಳಿದಾಗಲೇ ಅದು ಆವಿಷ್ಕಾರ. ಆ ಎಂಟು ಇಲಿಗಳಲ್ಲಿ ಔಷಧಿ ಕೊಡದೆ ಬಿಟ್ಟ ನಾಲ್ಕು ಇದ್ದದ್ದು ಅದಕ್ಕೇ.

ನೋಡಿದರೂ ಕಾಣದೇ ಹೋದವರೂ ಇದ್ದಾರೆ. ರಂಟ್ಜೆನ್ 1895ರ ನವೆಂಬರಿನಲ್ಲಿ ಎಕ್ಸ್‌ರೇ ಕಂಡುಹಿಡಿದರು. ಅದಕ್ಕೆ ಐದು ವರ್ಷ ಮುಂಚೆಯೇ ಫಿಲಡೆಲ್ಫಿಯಾದ ಆರ್ಥರ್ ಗುಡ್‌ಸ್ಪೀಡ್ ಎಂಬ ಪ್ರಾಧ್ಯಾಪಕರ ಫೋಟೊ ಪ್ಲೇಟಿನ ಮೇಲೆ ನಾಣ್ಯಗಳ ದುಂಡನೆಯ ನೆರಳು ಮೂಡಿತ್ತು. ಅರ್ಥವಾಗದೆ ಎತ್ತಿಟ್ಟರು. ರಂಟ್ಜೆನ್ ಸುದ್ದಿ ಬಂದ ಮೇಲೆ ಅದು ಎಕ್ಸ್‌ರೇ ಚಿತ್ರ ಅಂತ ತಿಳಿಯಿತು. ಪಾಪ, ಕೀರ್ತಿ ತನ್ನದು ಅಂತ ಅವರು ಹಕ್ಕು ಸಾಧಿಸಲೂ ಇಲ್ಲ.

ಇನ್ನು ಡಾಕ್ಟರ್ "ಬಿಡಿ" ಅಂದರು ಅನ್ನುವ ನಿಮ್ಮ ಬೇಸರ. ಸಾಮಾನ್ಯ ಜನ ಕಂಡದ್ದಕ್ಕೆ ಬೆಲೆಯೇ ಇಲ್ಲವಾ? ಖಂಡಿತ ಇದೆ. 1933ರ ಫೆಬ್ರವರಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಎಡ್ ಕಾರ್ಲ್‌ಸನ್ ಎಂಬ ರೈತ ಹಿಮಗಾಳಿಯಲ್ಲಿ ಸುಮಾರು 300 ಕಿಲೋಮೀಟರ್ ಲಾರಿ ಓಡಿಸಿಕೊಂಡು ಮ್ಯಾಡಿಸನ್‌ಗೆ ಬಂದರು. ಜೊತೆಗೆ ಸತ್ತ ಒಂದು ಹಸು, ಕೊಳೆತ ಸ್ವೀಟ್ ಕ್ಲೋವರ್ ಹುಲ್ಲಿನ ಹೊರೆ, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ. ಶನಿವಾರ, ಬೇರೆ ಕಚೇರಿ ಮುಚ್ಚಿತ್ತು. ತೆರೆದಿದ್ದದ್ದು ಕಾರ್ಲ್ ಲಿಂಕ್ ಎಂಬ ರಸಾಯನ ವಿಜ್ಞಾನಿಯ ಪ್ರಯೋಗಾಲಯ. ಆ ಹುಲ್ಲು ತಿನ್ನಿಸಬೇಡಿ ಅನ್ನುವುದು ಬಿಟ್ಟು ಅವತ್ತು ಅವರು ಹೇಳಲು ಏನೂ ಇರಲಿಲ್ಲ. ಆದರೆ ಆ ಕ್ಯಾನ್ ಅವರನ್ನು ಬಿಡಲಿಲ್ಲ. ಆರು ವರ್ಷ ಹುಡುಕಿ, 1939ರಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಡೈಕುಮರಾಲ್ ಬೇರ್ಪಡಿಸಿದರು. ಅದರ ಜಾಡಿನಲ್ಲೇ ವಾರ್ಫರಿನ್ ಬಂತು. 1948ರಲ್ಲಿ ಇಲಿ ಪಾಷಾಣವಾಗಿ, 1954ರಿಂದ ಮನುಷ್ಯರಿಗೆ ಔಷಧಿಯಾಗಿ. ರೈತ ತಂದದ್ದು ಊಹೆಯಲ್ಲ, ಕ್ಯಾನು ಮತ್ತು ಹುಲ್ಲು. ನೀವು ಡಾಕ್ಟರಿಗೆ "ತಲೆನೋವು ಕಡಿಮೆ ಆಯ್ತು" ಅಂತ ಬಾಯಿಮಾತಿನಲ್ಲಿ ಹೇಳಿದ್ದೀರಿ. ಬಿಡುವಿಲ್ಲದ ಹೊರರೋಗಿ ವಿಭಾಗದಲ್ಲಿ ಆ ಮಾತು ತೇಲಿಹೋಗುತ್ತದೆ. ದಿನಾಂಕ ಹಾಕಿದ ಒಂದು ಹಾಳೆ ಇದ್ದಿದ್ದರೆ ಹೋಗುತ್ತಿರಲಿಲ್ಲ.

ಅನುಮಾನವೂ ಬೇಕು. ಅಮ್ಮನ ತಲೆನೋವು ಹೋದದ್ದಕ್ಕೆ ಮಾತ್ರೆಯೇ ಕಾರಣ ಅಂತ ನಾನೂ ಪಣ ಕಟ್ಟಲಾರೆ. 51 ವಯಸ್ಸು ಮುಟ್ಟು ನಿಲ್ಲುವ ಆಸುಪಾಸು. ಮುಟ್ಟು ಪೂರ್ತಿ ನಿಂತ ಮೇಲೆ ಮೈಗ್ರೇನ್ ತಾನಾಗಿಯೇ ಕಡಿಮೆಯಾಗುವ ಹೆಂಗಸರು ಬಹಳ. ಎದೆಬಡಿತಕ್ಕೆ ಅಂತ ಕಾಫಿ ಬಿಡಿಸಿದ್ದರೆ ಅದೂ ಕಾರಣ ಆಗಬಹುದು. ಮೈಗ್ರೇನ್ ಏರುತ್ತ ಇಳಿಯುತ್ತ ಇರುವ ಕಾಯಿಲೆ, ತೀರಾ ಕೆಟ್ಟ ತಿಂಗಳ ನಂತರ ಸ್ವಲ್ಪ ಒಳ್ಳೆಯ ತಿಂಗಳು ಬರುವುದು ಸಹಜ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಗಿರಬಹುದು.

ಇದನ್ನು ಸುಮ್ನೆ ಹೇಳುತ್ತಿಲ್ಲ. ಹೃದಯಾಘಾತ ಆದವರಲ್ಲಿ ಎದೆಬಡಿತ ನಡುನಡುವೆ ತಪ್ಪಿದರೆ ಸಾವಿನ ಸಾಧ್ಯತೆ ಹೆಚ್ಚು. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಿಗಳು ಆ ತಪ್ಪಿದ ಬಡಿತವನ್ನು ಚೆನ್ನಾಗಿ ಅಡಗಿಸುತ್ತಿದ್ದವು. ಇಸಿಜಿಯಲ್ಲಿ ಕಣ್ಣಿಗೆ ಕಾಣುವಂತೆ! ಬಡಿತ ಸರಿಹೋದರೆ ಜನ ಬದುಕುತ್ತಾರೆ ಅಂತ ವೈದ್ಯರು ನಂಬಿದ್ದರು. ಅಮೆರಿಕದಲ್ಲಿ ಹುಸಿಮಾತ್ರೆಯ ಜೊತೆ ಹೋಲಿಸಿ ನೋಡಿದರೆ ಔಷಧಿ ತೆಗೆದುಕೊಂಡವರೇ ಜಾಸ್ತಿ ಸಾಯುತ್ತಿದ್ದರು. 1989ರಲ್ಲಿ ಆ ಪರೀಕ್ಷೆಯ ಈ ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. ಅನುಭವ ಇದ್ದ ವೈದ್ಯರೇ ಕಣ್ಣಾರೆ ಕಂಡು ನಂಬಿದ್ದು ತಲೆಕೆಳಗಾಯಿತು.

ಊಹೆ ಪೂರ್ತಿ ತಪ್ಪಾಗಿ ಫಲ ಸರಿಯಾದದ್ದೂ ಉಂಟು. ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದದ ರೋಗಿಗಳ ಮೂತ್ರದಲ್ಲಿ ಏನೋ ವಿಷ ಇದೆ ಅಂದುಕೊಂಡು ಗಿನಿಪಿಗ್‌ಗಳಿಗೆ ಚುಚ್ಚುತ್ತಿದ್ದರು. ಮೂತ್ರದಲ್ಲಿರುವ ಯೂರಿಕ್ ಆಮ್ಲವನ್ನೂ ಚುಚ್ಚಿ ನೋಡಲು, ಅದು ನೀರಿನಲ್ಲಿ ಸರಿಯಾಗಿ ಕರಗಲಿ ಅಂತ ಲಿಥಿಯಂ ಲವಣ ಬಳಸಿದರು. ಪ್ರಾಣಿಗಳು ಮಂಕಾದವು. ಬಹುಶಃ ಲಿಥಿಯಂ ನಂಜಿನಿಂದಲೇ ಮಂಕಾಗಿದ್ದವು ಅಂತ ಈಗ ಹಲವರ ಅಭಿಪ್ರಾಯ. 1949ರಲ್ಲಿ ಉನ್ಮಾದದ 10 ರೋಗಿಗಳಿಗೆ ಲಿಥಿಯಂ ಕೊಟ್ಟದ್ದನ್ನು ಪ್ರಕಟಿಸಿದರು, ಫಲ ಬೆರಗಾಗುವಂತಿತ್ತು. ಅವರ ಮೊದಲ ರೋಗಿ ಅದ್ಭುತವಾಗಿ ಚೇತರಿಸಿಕೊಂಡರು. ಮುಂದೆ ಲಿಥಿಯಂ ಹೆಚ್ಚಾಗಿಯೇ ತೀರಿಕೊಂಡರು. ಎಷ್ಟು ಕೊಟ್ಟರೆ ಔಷಧಿ, ಎಷ್ಟಾದರೆ ವಿಷ ಅನ್ನುವುದನ್ನು ರಕ್ತಪರೀಕ್ಷೆಯಲ್ಲಿ ಅಳೆಯಲು ಕಲಿತ ಮೇಲೆ ಮಾತ್ರ ಅದು ನೆಮ್ಮದಿಯಿಂದ ಬಳಸುವ ಔಷಧಿಯಾಯಿತು.

ಹಾಗಾದರೆ ನಿಮ್ಮ ಮುಂದೆ ಏನಿದೆ? ಎಲ್ಲಕ್ಕಿಂತ ಸುಲಭದ್ದು ಮತ್ತು ಅಪಾಯ ಇಲ್ಲದ್ದು, ಡೈರಿ. ಯಾವ ದಿನ ತಲೆನೋವು, ಎಷ್ಟು ಹೊತ್ತು, ಏನು ಮಾತ್ರೆ, ಮುಟ್ಟಿನ ದಿನ, ನಿದ್ದೆ, ಕಾಫಿ. ಹಿಂದಿನ ತಿಂಗಳುಗಳನ್ನು ನೆನಪಿನಿಂದ ತುಂಬಬೇಡಿ, ಆ ಲೆಕ್ಕವನ್ನು ನಂಬುವ ಹಾಗಿಲ್ಲ. ಇವತ್ತಿನಿಂದ ಶುರುಮಾಡಿ. ಅಮ್ಮನಿಗೆ ಸುಸ್ತು, ಕೈಕಾಲು ತಣ್ಣಗಾಗುವುದು, ಕೆಟ್ಟ ಕನಸು ಇದ್ದರೆ ಅದನ್ನೂ ಬರೆಯಿರಿ, ಈ ಮಾತ್ರೆಯಿಂದ ಅವು ಬರುತ್ತವೆ. ನಮಗೆ ಇಷ್ಟವಾದ ಫಲವನ್ನು ಮಾತ್ರ ಬರೆಯುವುದು ಡೈರಿಯಲ್ಲ.

ಎರಡನೆಯದು, ಆ ಹಾಳೆ ಹಿಡಿದು ಅದೇ ಡಾಕ್ಟರ ಹತ್ತಿರ ಹೋಗಿ "ಮೈಗ್ರೇನ್‌ಗೂ ಇದೇ ಮಾತ್ರೆ ಮುಂದುವರಿಸಬಹುದಾ, ಎಷ್ಟು ದಿನ, ಬಿಡುವುದಾದರೆ ಹೇಗೆ" ಅಂತ ನೇರವಾಗಿ ಕೇಳಿ. ಹತ್ತು ನಿಮಿಷದ ಭೇಟಿಯಲ್ಲಿ ಹೀಗೆ ಕೇಳಿದರೆ ಉತ್ತರ ಸಿಗುತ್ತದೆ. ಮೈಗ್ರೇನ್ ತಡೆಮಾತ್ರೆಯನ್ನು ಕೆಲವು ತಿಂಗಳ ನಂತರ ನಿಧಾನವಾಗಿ ಇಳಿಸಿ ಮತ್ತೆ ಬರುತ್ತದಾ ಅಂತ ನೋಡುವುದು ನಾವು ಮಾಡುವ ಕೆಲಸವೇ. ನೀವು ಮಾಡಬೇಕು ಅಂದುಕೊಂಡ ಪ್ರಯೋಗವೂ ಅದೇ, ಆದರೆ ಹೃದಯಕ್ಕೆ ಅದು ಎಷ್ಟು ಬೇಕು ಅನ್ನುವ ಲೆಕ್ಕ ಮೊದಲು ಆಗಬೇಕು. ಇಳಿಸುವಾಗ ತಲೆನೋವು ಮತ್ತೆ ಬಂದರೆ ನಿಮ್ಮ ಅನುಮಾನಕ್ಕೆ ಬಲ ಬರುತ್ತದೆ, ಬರದಿದ್ದರೆ ಅಮ್ಮನಿಗೆ ಒಂದು ಮಾತ್ರೆ ಕಡಿಮೆ.

ಚಿಕ್ಕಮ್ಮ ಬೇರೆಯಾಗಿ ವೈದ್ಯರನ್ನು ನೋಡಲಿ. ಅವರದ್ದು ಮೈಗ್ರೇನೇ ಅಂತ ಯಾರು ಹೇಳಿದ್ದು? ಅದು ಮೊದಲು ಖಾತ್ರಿಯಾಗಬೇಕು. ಮೈಗ್ರೇನೇ ಆಗಿದ್ದರೂ ಉಬ್ಬಸ ಇರುವವರಿಗೆ ಬೇರೆ ದಾರಿಗಳಿವೆ. ಅಮಿಟ್ರಿಪ್ಟಿಲಿನ್, ಟೋಪಿರಮೇಟ್, ಕ್ಯಾಂಡಿಸಾರ್ಟನ್. ಒಂದೊಂದಕ್ಕೂ ಅದರದ್ದೇ ತಾಪತ್ರಯ ಉಂಟು. ಒಂದು ನಿದ್ದೆ ತರುತ್ತದೆ, ಇನ್ನೊಂದು ಕೈಬೆರಳು ಜುಮ್ಮೆನ್ನಿಸುತ್ತದೆ, ಮೂರನೆಯದು ರಕ್ತದೊತ್ತಡ ಇಳಿಸುತ್ತದೆ. ಮೈಗ್ರೇನ್ ಬಂದಾಗ ಅವರು ರಿಜಾಟ್ರಿಪ್ಟಾನ್ ನುಂಗುವವರಾಗಿದ್ದರೆ ಪ್ರೊಪ್ರನೊಲಾಲ್ ಬೇಡ ಅನ್ನಲು ಇನ್ನೊಂದು ಕಾರಣ ಇದೆ: ಅದು ರಿಜಾಟ್ರಿಪ್ಟಾನ್ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ.

ಯಾರಿಗೆ ಹೇಳಬೇಕು ಅಂತ ಕೇಳಿದಿರಿ. ಈಗಾಗಲೇ ಗೊತ್ತಿರುವ ಫಲಕ್ಕೆ ಡಾಕ್ಟರ್ ಸಾಕು. ಮುಂದೆ ಯಾವತ್ತಾದರೂ ನಿಜಕ್ಕೂ ಹೊಸದು ಕಂಡರೆ, ಮೊದಲು ಹುಡುಕಿ ಓದಿ, ಬಹುಪಾಲು ಯಾರೋ ನಿಮಗಿಂತ ಮುಂಚೆ ನೋಡಿರುತ್ತಾರೆ. ಔಷಧಿಯಿಂದ ತೊಂದರೆ ಆದರೆ ವರದಿ ಮಾಡುವ ವ್ಯವಸ್ಥೆ ಬಹುತೇಕ ದೇಶಗಳಲ್ಲಿದೆ. ಗರ್ಭಿಣಿಯರು ನುಂಗಿದ ಥಾಲಿಡೊಮೈಡ್ ಮಾತ್ರೆಯಿಂದ ಸಾವಿರಾರು ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದ ದುರಂತದ ನಂತರ, 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ವರದಿಗಳನ್ನೆಲ್ಲ ಒಂದು ಕಡೆ ಸೇರಿಸುವ ಕೆಲಸ ಶುರುಮಾಡಿತು. ಫಾರ್ಮಸಿ ಓದಿದವರು ಅಲ್ಲಿಗೆ ವರದಿ ಕಳಿಸುವುದನ್ನು ಕಲಿಯುವುದು ಒಳ್ಳೆಯದು. ಒಳ್ಳೆಯ ಫಲವಾದರೆ ಚಿಕಿತ್ಸೆ ಕೊಟ್ಟ ವೈದ್ಯರ ಜೊತೆ ಸೇರಿ ಒಂದು ಪ್ರಕರಣ ವರದಿ ಬರೆಯಬಹುದು. ಅದಕ್ಕೆ ರೋಗಿಯ ಲಿಖಿತ ಒಪ್ಪಿಗೆ ಬೇಕು, ರೋಗಿ ನಿಮ್ಮ ಅಮ್ಮನೇ ಆಗಿದ್ದರೂ ಬೇಕು. ಹೆಸರು, ಗುರುತು ಬಿಡಬೇಕು. ಅವರು ಬೇಡ ಅಂದರೆ ಅದನ್ನು ಅಲ್ಲಿಗೇ ಕೈಬಿಡಬೇಕು.